ಅಂಕಿಯೊಳಗಿನ ಭರವಸೆ

ಪುಸ್ತಕವೊಂದು ತಿದ್ದುಪಡಿಯೊಡನೆ ಮತ್ತೆ ಅಚ್ಚಾದರೆ ಒಳಪುಟದಲ್ಲಿ ‘ಪರಿಷ್ಕೃತ ಮುದ್ರಣ’ ಎಂದು ಬರೆದರೆ ಸಾಕು. ಕಂಪ್ಯೂಟರ್ ತಂತ್ರಾಂಶಕ್ಕೆ ಅಷ್ಟು ಸಾಲದು. ಅದರ ಆವೃತ್ತಿ ಸಂಖ್ಯೆಯನ್ನು ಮನುಷ್ಯರಷ್ಟೇ ಅಲ್ಲ, ಇತರ ತಂತ್ರಾಂಶಗಳೂ ಓದುತ್ತವೆ. ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆದು ಬಳಸಬಹುದಾದ ಮುಕ್ತ ತಂತ್ರಾಂಶದಲ್ಲಂತೂ, ‘ಯಾವುದರ ಮೇಲೆ ಕಟ್ಟುತ್ತಿದ್ದೇವೆ’ ಎಂದು ತಿಳಿಯಲು ಈ ಅಂಕಿಯೇ ಗುರುತು.

ಸಾಮಾನ್ಯವಾಗಿ ಈ ಸಂಖ್ಯೆಯಲ್ಲಿ ಮೂರು ಭಾಗಗಳಿರುತ್ತವೆ. ಬಹುಮಾನ್ಯ ರೂಢಿಯೊಂದರ ಪ್ರಕಾರ ಕೊನೆಯ ಅಂಕಿ ಬದಲಾದರೆ ದೋಷಗಳನ್ನು ತಿದ್ದಲಾಗಿದೆ. ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ. ಮೊದಲನೆಯದು ಬದಲಾದರೆ ಹಳೆಯದರೊಡನೆ ಹೊಂದಾಣಿಕೆ ತಪ್ಪೀತು, ಎಚ್ಚರ. ಇವು ದಶಮಾಂಶಗಳಲ್ಲ. ೨.೬.೯ರ ನಂತರ ಬರುವುದು ೨.೬.೧೦.

ರೂಢಿ ಎಲ್ಲರಿಗೂ ಒಂದೇ ಅಲ್ಲ. ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ೧೯೯೪ರಲ್ಲಿ ೧.೦ ಆಯಿತು. ಆಗ ನಡುವಿನ ಅಂಕಿ ಸಮವಾಗಿದ್ದರೆ ಬಳಕೆಗೆ ಸಿದ್ಧ, ಬೆಸವಾಗಿದ್ದರೆ ಪ್ರಯೋಗದ ಹಂತ ಎಂಬ ಕಟ್ಟಳೆಯಿತ್ತು. ೨೦೦೩ರಲ್ಲಿ ೨.೬ ಬಂದ ಮೇಲೆ ಆ ಪದ್ಧತಿ ಕೈಬಿಟ್ಟುಹೋಯಿತು. ೨೦೧೧ರಲ್ಲಿ ೨.೬.೩೯ರ ನಂತರ ನೇರವಾಗಿ ೩.೦ ಬಂದಿತು. ಅದು ಮಹಾ ಬದಲಾವಣೆಯ ಸೂಚನೆಯಾಗಿರಲಿಲ್ಲ; ಅಂಕಿಗಳು ಉದ್ದವಾದವೆಂಬುದೇ ಕಾರಣ. ಆದರೂ ‘೨.೬’ ಎಂದೇ ನಿರೀಕ್ಷಿಸುತ್ತಿದ್ದ ಕೆಲವು ಹಳೆಯ ತಂತ್ರಾಂಶಗಳು ಮುಗ್ಗರಿಸಿದವು. ಅವುಗಳಿಗಾಗಿ, ೩.೦ ಅನ್ನು ೨.೬.೪೦ ಎಂದು ತೋರಿಸುವ ಏರ್ಪಾಡನ್ನೇ ಲಿನಕ್ಸ್‌ನಲ್ಲಿ ಸೇರಿಸಬೇಕಾಯಿತು.

೨೦೨೧ರಲ್ಲಿ ಇನ್ನೊಂದು ತೊಡಕು ಎದುರಾಯಿತು. ಲಿನಕ್ಸ್ ತನ್ನ ಆವೃತ್ತಿಯ ಕೊನೆಯ ಭಾಗಕ್ಕೆ ಎಂಟು ಬಿಟ್‌ಗಳ ಜಾಗವನ್ನಷ್ಟೇ ಮೀಸಲಿಟ್ಟಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ೨೫೫. ೪.೯ರ ಸಾಲಿನಲ್ಲಿ ತಿದ್ದುಪಡಿಗಳು ೨೫೬ನ್ನು ಮುಟ್ಟಿದಾಗ, ಲೆಕ್ಕ ಪಕ್ಕದ ಮನೆಗೆ ಹರಿದು ೪.೧೦ ಎಂದು ಕಾಣುವ ಅಪಾಯವಿತ್ತು. ಹೆಸರಿನಲ್ಲಿ ೨೫೬ ಎಂದಿದ್ದರೂ ಒಳಲೆಕ್ಕದಲ್ಲಿ ೨೫೫ಕ್ಕೇ ನಿಲ್ಲಿಸಿ ಅದನ್ನು ಪರಿಹರಿಸಲಾಯಿತು. ಸಂಖ್ಯೆ ಏರಿಸುವುದು ಒಂದೇ ಸಾಲಿನ ಕೆಲಸ. ಆ ಸಾಲನ್ನು ನಂಬಿದವರು ಮಾತ್ರ ಅಸಂಖ್ಯ.

ಇವೆಲ್ಲಕ್ಕಿಂತ ಭಿನ್ನವಾದದ್ದು ಡೊನಾಲ್ಡ್ ಕ್ನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ. ೧೯೯೦ರಲ್ಲಿ ಮೂರನೆಯ ಆವೃತ್ತಿ ಬಂದ ಮೇಲೆ ಅವರು ಅದಕ್ಕೆ ಹೊಸ ಸೌಲಭ್ಯ ಸೇರಿಸುವುದನ್ನು ನಿಲ್ಲಿಸಿದರು. ಅಂದಿನಿಂದ ದೋಷ ತಿದ್ದಿದಾಗಲೆಲ್ಲ ೩.೧, ೩.೧೪, ೩.೧೪೧ ಎಂದು ಒಂದೊಂದು ಅಂಕಿ ಸೇರುತ್ತ ಸಂಖ್ಯೆ ‘ಪೈ’ ಬೆಲೆಯತ್ತ ಸಾಗುತ್ತಿದೆ. ೨೦೨೧ರಲ್ಲಿ ಅದು ೩.೧೪೧೫೯೨೬೫೩ ಆಯಿತು. ತಮ್ಮ ಮರಣಾನಂತರ ಆವೃತ್ತಿಯನ್ನು ‘ಪೈ’ ಎಂದೇ ಸ್ಥಿರಪಡಿಸಬೇಕು, ಆಮೇಲೆ ಉಳಿದ ದೋಷಗಳೆಲ್ಲ ಅದರ ಗುಣಗಳೆಂದೇ ಎಣಿಕೆಯಾಗಬೇಕು ಎಂಬುದು ಅವರ ಇಚ್ಛೆ. ಪೂರ್ಣತೆಗೆ ಹತ್ತಿರವಾಗಬಹುದು, ತಲುಪಲಾಗದು ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.