ಕೊಳಕ್ಕೆ ಮೆತ್ತನೆ ಉಪ್ಪು, ಹೊಲಕ್ಕೆ ಸವಳು?

ಬೇವೂರು: ಈ ಸೀಮೆಯಲ್ಲಿ ಈಸು ಕಲಿಯಲು ಒಂದು ಕಾಲಕ್ಕೆ ಬೇಕಾಗಿದ್ದದ್ದು ಮೂರೇ. ಮೆಟ್ಟಿಲಿದ್ದ ಒಂದು ಬಾವಿ, ಬೆನ್ನಿಗೆ ಕಟ್ಟಿಕೊಳ್ಳಲು ಒಣಗಿದ ಸೋರೆ ಬುರುಡೆ, ಹಿಂದಿನಿಂದ ದಬ್ಬಲು ಒಬ್ಬ ಸೋದರಮಾವ. ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಬಂದವು. ನೀರು ಮನೆ ಬಾಗಿಲಿಗೆ ಬಂತು, ಈಸು ಊರು ಬಿಟ್ಟು ಹೋಯಿತು.

ಈಗ ಉಳ್ಳವರು ಆ ಈಸನ್ನು ರೊಕ್ಕ ಕೊಟ್ಟು ಮರಳಿ ತರುತ್ತಿದ್ದಾರೆ. ತೋಟದ ಮನೆಯ ಅಂಗಳದಲ್ಲಿ ಗುಂಡಿ ತೋಡಿಸಿ, ನೀಲಿ ಟೈಲ್ಸ್ ಹಾಕಿಸಿ, ಈಜುಕೊಳ ಎಂದು ಹೆಸರಿಡುತ್ತಾರೆ. ತಪ್ಪೇನಿಲ್ಲ. ಬೇಸಿಗೆಯಲ್ಲಿ ಮಕ್ಕಳು ನೀರಿಗೆ ಬೀಳುತ್ತವೆ, ದೊಡ್ಡವರ ಸೊಂಟವೂ ಸಡಿಲಾಗುತ್ತದೆ. ಆದರೆ ಒಂದು ಹಂಗಾಮು ಕಳೆಯುವುದರೊಳಗೆ ತಕರಾರು ಶುರು. "ಅಪ್ಪಾ, ಕಣ್ಣು ಉರಿಯಾಕ ಹತ್ಯಾವ" ಎಂದು ಮಗಳು. "ಕೂದಲೆಲ್ಲಾ ನಾರು ಆಗ್ಯಾವ್ರಿ" ಎಂದು ಮನೆಯಾಕೆ. ಕ್ಲೋರಿನ್ ವಾಸನೆ ಅಡಿಗೆ ಮನೆಯವರೆಗೂ ಬರುತ್ತದೆ.

ಇಂಥ ಹೊತ್ತಿಗೆ ಸರಿಯಾಗಿ ಪೇಟೆಯಿಂದ ಒಬ್ಬ ಏಜೆಂಟ ಬರುತ್ತಾನೆ. "ಸಾಹೇಬ್ರ, ಆ ಕ್ಲೋರಿನ್ ಸಂಗ ಬಿಟ್ಟುಬಿಡ್ರಿ. ನಮ್ಮ ಮಿನರಲ್ ಉಪ್ಪು ಹಾಕ್ರಿ. ನೀರು ರೇಷ್ಮಿ ಆಗ್ತೈತಿ ನೋಡ್ರಿ" ಎನ್ನುತ್ತಾನೆ. ಸಾಹೇಬರು ಕೈ ಕಿಸೆಗೆ ಹಾಕುತ್ತಾರೆ. ಆ ಕೈ ಹೊರಗೆ ಬರುವ ಮೊದಲು ನಾಲ್ಕು ಮಾತು ತಿಳಿದಿರುವುದು ಒಳ್ಳೆಯದು. ಸಾಹೇಬರಿಗಷ್ಟೇ ಅಲ್ಲ, ಅವರ ಕೆಳಗಿನ ಹೊಲದವರಿಗೂ.

ಕಣ್ಣು ಉರಿಯುವುದು ಯಾಕೆ?

ಬಾದಾಮಿ ಸಮೀಪದ ಮಹಾಕೂಟದ ಪುಷ್ಕರಣಿಯನ್ನು ನೋಡದವರು ಈ ಭಾಗದಲ್ಲಿ ವಿರಳ. ಬುಗ್ಗೆಯ ನೀರು ಒಳಗೆ ಬರುತ್ತದೆ, ತುಂಬಿದ್ದು ಹೊರಗೆ ಹರಿಯುತ್ತದೆ. ಹರಿಯುವ ನೀರು ತನ್ನ ಕೊಳೆಯನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಮನೆಯ ಕೊಳದ್ದು ಹಾಗಲ್ಲ. ಅದು ನಿಂತ ನೀರು. ಇಂದು ಮಿಂದವನ ಬೆವರು ನಾಳೆಯೂ ಅಲ್ಲೇ. ಅದಕ್ಕೇ ಮದ್ದು ಬೇಕು.

ಆ ಮದ್ದು ಕ್ಲೋರಿನ್. ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸುವ ಪದ್ಧತಿ ಅಮೆರಿಕದ ಜರ್ಸಿ ಸಿಟಿಯಲ್ಲಿ 1908ರಲ್ಲಿ ಕಾಯಂ ಆಗಿ ಶುರುವಾಯಿತು. ನಮ್ಮ ಪಂಚಾಯ್ತಿಯವರು ನೀರಿನ ಟಾಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕೂಡ ಅದೇ ಮನೆತನದ್ದು. ಈಜುಕೊಳದಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಸಾಕು, ರೋಗಾಣುಗಳು ಉಳಿಯುವುದು ಕಷ್ಟ.

ಕಣ್ಣು ಉರಿಸುವುದು ಹೆಚ್ಚಾಗಿ ಈ ಕ್ಲೋರಿನ್ ಅಲ್ಲ. ಬೆವರು, ಎಣ್ಣೆ, ಮೂತ್ರಗಳ ಜೊತೆ ಕ್ಲೋರಿನ್ ಕೂಡಿದಾಗ ಹುಟ್ಟುವ ಕ್ಲೋರಮಿನ್ ಎಂಬ ಹೊಲಸು. ಮೂಗಿಗೆ ಬಡಿಯುವ ವಾಸನೆಯೂ ಅದರದ್ದೇ. ವಾಸನೆ ಜೋರಾಗಿದೆ ಎಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ಜನ ತಿಳಿಯುತ್ತಾರೆ. ಬಹಳ ಸಲ ನಿಜಸ್ಥಿತಿ ಉಲ್ಟಾ: ಇದ್ದ ಕ್ಲೋರಿನ್ ಎಲ್ಲಾ ಹೊಲಸಿಗೆ ಖರ್ಚಾಗಿ, ಕೆಲಸ ಮಾಡುವುದು ಕಡಿಮೆಯಾಗಿದೆ ಎಂದರ್ಥ. ಇದರ ಜೊತೆಗೆ ನೀರಿನ ಪಿಎಚ್ ತಪ್ಪಿರುತ್ತದೆ. ಮನುಷ್ಯನ ಕಣ್ಣೀರಿನ ಪಿಎಚ್ ಸುಮಾರು 7.4. ಕೊಳದ ನೀರು 7.2ರಿಂದ 7.8ರೊಳಗೆ ಇದ್ದರೆ ಕಣ್ಣಿಗೆ ಹಿತ.

ಅಂದರೆ ಮೊದಲ ಔಷಧ ಉಪ್ಪಲ್ಲ, ಒಂದು ತಂಬಿಗೆ ನೀರು. ಕೊಳಕ್ಕೆ ಇಳಿಯುವ ಮೊದಲು ಮೈ ತೊಳೆಯಬೇಕು, ತಲೆಯ ಎಣ್ಣೆ ತೆಗೆಯಬೇಕು, ಮಕ್ಕಳನ್ನು ಮೋರಿಗೆ ಕಳಿಸಿ ತರಬೇಕು. ಪಿಎಚ್ ಮತ್ತು ಕ್ಲೋರಿನ್ ಅಳೆಯುವ ಚಿಕ್ಕ ಕಿಟ್ ಇಟ್ಟುಕೊಳ್ಳಬೇಕು. ಎಷ್ಟೋ ಮನೆಗಳ ಕಣ್ಣುರಿ ಇಷ್ಟಕ್ಕೇ ನಿಲ್ಲುತ್ತದೆ. ಏಜೆಂಟ ಇದನ್ನು ಹೇಳುವುದಿಲ್ಲ. ತಂಬಿಗೆಗೆ ಕಮಿಷನ್ ಇಲ್ಲ.

ಉಪ್ಪಿನ ಹೊಟ್ಟೆಯಲ್ಲೇ ಕ್ಲೋರಿನ್

ಇನ್ನು ಉಪ್ಪಿನ ಕೊಳದ ಗುಟ್ಟು. ಉಪ್ಪು ತಾನಾಗಿ ರೋಗಾಣು ಕೊಲ್ಲುವುದಿಲ್ಲ. ಕೊಳದ ನೀರಿಗೆ ಲೀಟರಿಗೆ 3ರಿಂದ 4 ಗ್ರಾಂ ಉಪ್ಪು ಬೆರೆಸುತ್ತಾರೆ. ಪಂಪಿನ ಪೈಪಿಗೆ ಒಂದು 'ಸೆಲ್' ಜೋಡಿಸುತ್ತಾರೆ. ಅದರೊಳಗೆ ಟೈಟಾನಿಯಂ ತಗಡುಗಳು. ಅವುಗಳಲ್ಲಿ ಕರೆಂಟು ಹರಿದಾಗ ಉಪ್ಪುನೀರು ಒಡೆದು ಕ್ಲೋರಿನ್ ಹುಟ್ಟುತ್ತದೆ. ಕಾರವಾರದ ಬಿಣಗಾದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ ಉಪ್ಪಿನಿಂದ ದೊಡ್ಡದಾಗಿ ಮಾಡುವ ಕೆಲಸವನ್ನೇ ಇಲ್ಲಿ ಒಂದು ಮೊಳದ ಪೆಟ್ಟಿಗೆ ಚಿಕ್ಕದಾಗಿ ಮಾಡುತ್ತದೆ.

"ಕ್ಲೋರಿನ್ ಸಂಗ ಬಿಡ್ರಿ" ಎಂದವನ ಮಾತು ಇಲ್ಲಿಗೆ ಮುರಿದುಬಿತ್ತು. ಕ್ಲೋರಿನ್ ಡಬ್ಬಿಯಿಂದ ಬರುವ ಬದಲು ಪೈಪಿನಿಂದ ಬರುತ್ತದೆ, ಅಷ್ಟೇ.

ಹಾಗಾದರೆ ಲಾಭವೇ ಇಲ್ಲವೇ? ಇದೆ. ಮದ್ದು ಒಮ್ಮೆಲೇ ಸುರಿಯುವ ಬದಲು ಸ್ವಲ್ಪ ಸ್ವಲ್ಪವಾಗಿ ಹುಟ್ಟುವುದರಿಂದ ಏರಿಳಿತ ಕಡಿಮೆ. ಘಾಟು ಪುಡಿಯ ಡಬ್ಬಿ ಮನೆಯಲ್ಲಿ ಇಡುವ ಭಯವೂ ಕಡಿಮೆ. ದವಾಖಾನೆಯ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ, ಮೈಯೊಳಗಿನ ದ್ರವಕ್ಕೆ ಹೊಂದುವ ಪ್ರಮಾಣ ಅದು. ಸಪ್ಪೆ ನೀರಿಗಿಂತ 4 ಗ್ರಾಮಿನ ನೀರು ಅದಕ್ಕೆ ಹತ್ತಿರ, ಆದ್ದರಿಂದ ಕಣ್ಣಿಗೆ, ಚರ್ಮಕ್ಕೆ ಮೆತ್ತಗೆ ಎನಿಸುತ್ತದೆ. ಸಮುದ್ರದ ನೀರು ಲೀಟರಿಗೆ 35 ಗ್ರಾಂ. ಅಂಥ ಉಪ್ಪುಪ್ಪು ಇದಲ್ಲ.

'ಮಿನರಲ್' ಎಂದರೆ ಯಾವ ಮಿನರಲ್?

ಬರೀ ಅಡಿಗೆ ಉಪ್ಪಿನ ಬದಲು ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ 'ಮಿನರಲ್' ಎಂದು ಮಾರುತ್ತಾರೆ. ಆಸ್ಟ್ರೇಲಿಯಾದ ಮನೆಗಳಲ್ಲಿ ಇದು ಬಳಕೆಯಲ್ಲಿದೆ. ಇಲ್ಲಿಯೂ ಸೆಲ್ ಬೇಕು, ಕ್ಲೋರಿನ್ ಹುಟ್ಟಲೇಬೇಕು. ನೀರು ಮುಟ್ಟಲು ನುಣುಪು ಎನ್ನುವವರಿದ್ದಾರೆ, ಇರಲಿ. ಆದರೆ ಮೆಗ್ನೀಸಿಯಂ ಚರ್ಮದೊಳಗೆ ಇಳಿದು ಮಂಡಿ ನೋವು, ನಿದ್ದೆಗೇಡು ಎಲ್ಲ ವಾಸಿ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ.

ಇದೇ ಹೆಸರಿನಲ್ಲಿ ಇನ್ನೊಂದು ಸರಕೂ ಮಾರಾಟವಾಗುತ್ತದೆ. ಅದು ತಾಮ್ರ, ಬೆಳ್ಳಿಯ ಕಣ ಬಿಡುವ ಯಂತ್ರ. ಪೂರಾ ಬೇರೆ ಪದ್ಧತಿ. ತಾಮ್ರ ಹೆಚ್ಚಾದರೆ ಗೋಡೆಗೆ ಕಲೆ, ಬಿಳಿ ಕೂದಲಿಗೆ ಹಸಿರು ಬಣ್ಣ. ಯಾವುದನ್ನು ಕೊಡುತ್ತೀರಿ ಎಂದು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಇದರಲ್ಲಿ ಒಂದು ತಮಾಷೆಯೂ ಇದೆ. ಬಾಗಲಕೋಟೆ, ಹುನಗುಂದ ಕಡೆಯ ಎಷ್ಟೋ ಕೊಳವೆ ಬಾವಿಗಳ ನೀರು ಮೊದಲೇ ಗಡಸು. ಗಡಸುತನ ಎಂದರೆ ಕ್ಯಾಲ್ಸಿಯಂ ಮತ್ತು ಇದೇ ಮೆಗ್ನೀಸಿಯಂ! ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯುವುದಿಲ್ಲ ಎಂದು ಹೆಣ್ಣುಮಕ್ಕಳು ಬೈಯುವ ನೀರಿಗೆ, ಚೀಲಗಟ್ಟಲೆ ಮೆಗ್ನೀಸಿಯಂ ಕೊಂಡು ಸುರಿಯುವುದು. ಆ ಉಪ್ಪಿನ ರುಚಿ ಕಹಿ. ಹೆಸರಿನಲ್ಲೇ ಬೇವು ಇಟ್ಟುಕೊಂಡ ಊರಿಗೆ ಕಹಿ ಹೊಸದಲ್ಲ, ಆದರೆ ರೊಕ್ಕ ಕೊಟ್ಟು ತಂದದ್ದು ಹೊಸದು.

ಗಡಸು ನೀರಿನ ಸುಣ್ಣ ಸೆಲ್ಲಿನ ತಗಡುಗಳ ಮೇಲೆ ಬಿಳಿ ಹಕ್ಕಳೆಯಾಗಿ ಕೂರುತ್ತದೆ. ಮೆಗ್ನೀಸಿಯಮ್ಮೂ ಕೂರುತ್ತದೆ. ಆಗಾಗ ತಿಳಿ ಆ್ಯಸಿಡ್‌ನಲ್ಲಿ ತೊಳೆಯದಿದ್ದರೆ ಸೆಲ್ ಬೇಗ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೂ ಅದರ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ.

ಲೆಕ್ಕ ಹಾಕಿ ನೋಡಿ

8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಒಂದು ಕೊಳ ಎಂದಿಟ್ಟುಕೊಳ್ಳಿ. ನೀರು ಹೆಚ್ಚುಕಡಿಮೆ 45 ಸಾವಿರ ಲೀಟರ್. ಲೀಟರಿಗೆ 4 ಗ್ರಾಂ ಎಂದರೆ 180 ಕಿಲೋ ಉಪ್ಪು. 50 ಕಿಲೋದ ಮೂರೂವರೆ ಚೀಲಕ್ಕಿಂತ ಜಾಸ್ತಿ.

ಬಿರು ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ನೀರು ಆವಿಯಾದರೆ, ಸುಮಾರು 190 ಲೀಟರ್ ಹೋಯಿತು. ದಿನಕ್ಕೊಂದು ಬ್ಯಾರಲ್! ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ರೋಗಾಣು ಕೊಂದ ಕ್ಲೋರಿನ್ ಕೂಡ ಮರಳಿ ಉಪ್ಪೇ ಆಗುತ್ತದೆ. ಹಾಗಾದರೆ ಉಪ್ಪು ಕೊಳದಿಂದ ಹೊರಗೆ ಬೀಳುವುದು ಯಾವಾಗ? ಫಿಲ್ಟರ್ ತೊಳೆದಾಗ, ಮಳೆಗೆ ಕೊಳ ತುಂಬಿ ಚೆಲ್ಲಿದಾಗ, ಸೋರಿದಾಗ, ಖಾಲಿ ಮಾಡಿದಾಗ. ಮರಳಿನ ಫಿಲ್ಟರನ್ನು ವಾರಕ್ಕೊಮ್ಮೆ ಉಲ್ಟಾ ನೀರು ಬಿಟ್ಟು ತೊಳೆಯುವಾಗ 500 ಲೀಟರ್ ಹೋಯಿತು ಎನ್ನಿ. ಅದರ ಜೊತೆ 2 ಕಿಲೋ ಉಪ್ಪು. ವರ್ಷಕ್ಕೆ ಒಂದು ಕ್ವಿಂಟಲ್ ದಾಟಿತು.

ಆ ನೀರು ಹೋಗುವುದೆಲ್ಲಿ? ಪಟ್ಟಣದಲ್ಲಾದರೆ ಗಟಾರಕ್ಕೆ. ಬೇವೂರಿನಂಥ ಕಡೆ ಕಾಂಪೌಂಡಿನ ಕಿಂಡಿಯಿಂದ ಇಳಿಜಾರಿಗೆ. ಇಳಿಜಾರಿನಲ್ಲಿ ಯಾರದೋ ಹೊಲ.

ಸವಳು ಎಂಬ ಶಬ್ದ ಈ ಜಿಲ್ಲೆಗೆ ಹೊಸದಲ್ಲ

ಘಟಪ್ರಭಾ ಕಾಲುವೆ ನೀರುಂಡ ಭೂಮಿಯಲ್ಲಿ ಸವಳು-ಜವಳಿನ ಗೋಳು ಏನೆಂದು ಮುಧೋಳ, ಜಮಖಂಡಿ ಕಡೆಯ ಕಬ್ಬಿನ ರೈತರನ್ನು ಕೇಳಿದರೆ ಗೊತ್ತಾಗುತ್ತದೆ. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಅದರ ಹೆಂಟೆ ಒಡೆದು ಹಿಟ್ಟಾಗುತ್ತದೆ. ಮೇಲೆ ಬಿದ್ದ ನೀರು ಒಳಗೆ ಇಳಿಯುವುದಿಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಮತ್ತೆ ಸರಿ ಮಾಡಲು ಜಿಪ್ಸಂ ಹಾಕಬೇಕು, ಬಸಿಗಾಲುವೆ ತೋಡಬೇಕು, ವರ್ಷಗಟ್ಟಲೆ ಕಾಯಬೇಕು. ವರ್ಷಕ್ಕೆ 600 ಮಿಲಿಮೀಟರ್ ಒಳಗೆ ಮಳೆ ಬೀಳುವ ನಾಡಿನಲ್ಲಿ ಮಳೆರಾಯ ಉಪ್ಪನ್ನು ತೊಳೆದು ಹಾಕುತ್ತಾನೆ ಎಂದು ಕೂರುವಂತಿಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 1985ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಲೀಟರಿಗೆ 2 ಗ್ರಾಂ ಮೀರಿ ಲವಣ ಕರಗಿದ ನೀರನ್ನು ಬೆಳೆಗೆ ಬಿಡುವುದಕ್ಕೆ ಬಿಗಿಯಾದ ಕಟ್ಟುಪಾಡು ಬೇಕು. ಕೊಳದ ನೀರು ಅದರ ಎರಡು ಪಟ್ಟು. ಹತ್ತಿ ಸ್ವಲ್ಪ ತಾಳಿಕೊಂಡೀತು. ಉಳ್ಳಾಗಡ್ಡಿ, ನಿಂಬೆ ತಾಳುವುದಿಲ್ಲ. ಸೋಡಿಯಮ್ಮಿಗೆ ಹೋಲಿಸಿದರೆ ಮೆಗ್ನೀಸಿಯಂ, ಪೊಟ್ಯಾಸಿಯಂ ಮಣ್ಣಿಗೆ ವಾಸಿ ಎಂಬುದು ಖರೆ. ಆದರೆ ಮಿಶ್ರಣದಲ್ಲಿ ಸೋಡಿಯಂ ಎಷ್ಟಿದೆ ಎಂದು ಚೀಲದ ಮೇಲೆ ನೋಡಬೇಕು, ಮತ್ತು ಕ್ಲೋರೈಡ್ ಯಾವ ಚೀಲದಲ್ಲೂ ತಪ್ಪಿದ್ದಲ್ಲ.

ಮನೆಯ ಕಲ್ಲಿಗೂ ಇದೇ ಪಾಡು. ಕೊಳದ ಅಂಚಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿದವರು ಬಚಾವು. ಬಾದಾಮಿ ಕಡೆಯ ಮರಳುಗಲ್ಲು ಹಾಕಿದರೆ, ಉಪ್ಪುನೀರು ಅದರ ಸಣ್ಣ ರಂಧ್ರಗಳಲ್ಲಿ ಇಂಗಿ, ಒಣಗಿ, ಹರಳಾಗಿ ಪದರು ಪದರಾಗಿ ಎಬ್ಬಿಸುತ್ತದೆ. ಕಬ್ಬಿಣದ ಏಣಿ, ನಟ್ಟು-ಬೋಲ್ಟಿನ ಗತಿ ಹೇಳುವುದೇ ಬೇಡ.

ಮಾಡಿಸುವುದೇ ಖರೆ ಆದರೆ

ಮಾಡಿಸಬೇಡಿ ಎನ್ನುವುದು ಇಲ್ಲಿನ ಮಾತಲ್ಲ. ಕ್ರಮವರಿತು ಮಾಡಿಸಬೇಕು.

ಮೊದಲು ಕೊಳವೆ ಬಾವಿಯ ನೀರು ಪರೀಕ್ಷೆಯಾಗಲಿ. ಗಡಸುತನ ತಿಳಿಯದೆ ಸೆಲ್ ಕೊಳ್ಳುವುದು, ಜಾತಕ ನೋಡದೆ ಅಲ್ಲ, ಹುಡುಗನನ್ನೇ ನೋಡದೆ ಮದುವೆ ಮಾಡಿದ ಹಾಗೆ.

ಎರಡನೆಯದು, ಹಳೆಯ ಮದ್ದಿನ ಶೇಷ. ಟಿಸಿಸಿಎ ಪುಡಿ, ಗುಳಿಗೆ ಬಳಸಿದ ಕೊಳದಲ್ಲಿ ಸೈನ್ಯೂರಿಕ್ ಆಮ್ಲ ಉಳಿದಿರುತ್ತದೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುತ್ತದೆ. 100 ದಾಟಿದರೆ ಕ್ಲೋರಿನ್ನಿನ ಕೈ ಕಟ್ಟುತ್ತದೆ. ಆಗ ಒಂದಿಷ್ಟು ನೀರು ತೆಗೆಯಬೇಕು. ಉಪ್ಪು ಹಾಕುವ ಮೊದಲೇ ತೆಗೆಯಿರಿ, ಕ್ಲೋರಿನ್ ಇಳಿದ ಮೇಲೆ ಆ ನೀರು ಮರಕ್ಕಾದರೂ ಆದೀತು. ಉಳಿದ ಟಿಸಿಸಿಎಯನ್ನು ಬ್ಲೀಚಿಂಗ್ ಪೌಡರ್ ಜೊತೆಗಾಗಲಿ ಆ್ಯಸಿಡ್ ಜೊತೆಗಾಗಲಿ ಒಂದೇ ಬಕೀಟಿನಲ್ಲಿ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ, ಸಿಡಿಯಲೂಬಹುದು.

ಮೂರನೆಯದು ಕರೆಂಟು. ಪಂಪು ತಿರುಗಿದಾಗ ಮಾತ್ರ ಸೆಲ್ ಕೆಲಸ ಮಾಡುತ್ತದೆ. ಹೆಸ್ಕಾಂ ಲೈನು ಹೋದರೆ ಕ್ಲೋರಿನ್ನೂ ಹೋಯಿತು. ಬೇಸಿಗೆಯಲ್ಲಿ ದಿನಕ್ಕೆ ಎಂಟು ತಾಸಾದರೂ ಪಂಪು ಓಡುವ ಏರ್ಪಾಡು ಇಲ್ಲದವರು ಉಪ್ಪಿನ ತಂಟೆಗೆ ಹೋಗದಿರುವುದೇ ಲೇಸು. ನೀರು ಹರಿಯದಾಗ ಸೆಲ್ ತಾನೇ ಬಂದಾಗುವ ಸ್ವಿಚ್ಚು, ಸರಿಯಾದ ಅರ್ಥಿಂಗ್ ಇಲ್ಲದೆ ಚಾಲೂ ಮಾಡಬಾರದು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಹೊರಹೋಗುವ ನೀರಿನ ದಾರಿ. ಮರಳಿನ ಫಿಲ್ಟರಿನ ಬದಲು ಕಾರ್ಟ್ರಿಜ್ ಫಿಲ್ಟರ್ ಹಾಕಿಸಿದರೆ ಉಲ್ಟಾ ತೊಳೆಯುವ ನೀರೇ ಉಳಿಯುತ್ತದೆ. ಮರಳಿನದೇ ಇರಲಿ ಎನ್ನುವವರು ತಮ್ಮ ಜಾಗದಲ್ಲೇ ದಪ್ಪ ಪ್ಲಾಸ್ಟಿಕ್ ಹಾಸಿದ ತೆಳ್ಳನೆ ಹೊಂಡ ಮಾಡಿ ಬಿಸಿಲಿಗೆ ಒಣಗಿಸಬಹುದು. ವರ್ಷಕ್ಕೆ 26 ಸಾವಿರ ಲೀಟರಿಗೆ 6 ಮೀಟರ್ ಉದ್ದ, 5 ಮೀಟರ್ ಅಗಲದ ಹೊಂಡ ಅಂದಾಜಿಗೆ ಸಾಕು. ಇಲ್ಲಿನ ಬಿಸಿಲು ಪುಕ್ಕಟೆ, ಅದನ್ನು ಯಾವ ಏಜೆಂಟನೂ ಮಾರುತ್ತಿಲ್ಲ. ಉಳಿದ ಉಪ್ಪನ್ನು ಕೆರೆದು ಚೀಲಕ್ಕೆ ತುಂಬಬೇಕು, ಹಳ್ಳಕ್ಕೆ ಚೆಲ್ಲಬಾರದು. ಕೊಳಕ್ಕೆ ಮುಚ್ಚಿಗೆ ಹಾಕಿದರೆ ದಿನದ ಬ್ಯಾರಲ್ ನೀರಿನಲ್ಲೂ ದೊಡ್ಡ ಪಾಲು ಉಳಿಯುತ್ತದೆ.

ಇದಕ್ಕೆಲ್ಲ ಜಾಗವಿಲ್ಲ, ಪುರಸೊತ್ತಿಲ್ಲ ಎನ್ನುವವರಿಗೆ ಹಳೆಯ ಕ್ಲೋರಿನ್ನೇ ಸರಿ. ಅಳತೆ ಹಿಡಿದು ಹಾಕಲಿ, ಮೈ ತೊಳೆದು ಇಳಿಯಲಿ.

ಮೆತ್ತನೆಯ ನೀರು ಎಂಬುದು ಒಳ್ಳೆಯ ಮಾತೇ. ಆದರೆ ಅದು ಸಾಹೇಬರ ಮಗಳ ಕಣ್ಣಿಗೆ ಮಾತ್ರ ಮೆತ್ತಗಿದ್ದು, ಕೆಳಗಿನ ಹೊಲದವನ ಉಳ್ಳಾಗಡ್ಡಿ ಮಡಿಗೆ ಕಟುವಾದರೆ ಅದಕ್ಕೆ ಬೇರೆ ಹೆಸರಿಡಬೇಕಾಗುತ್ತದೆ. ಏಜೆಂಟನಿಗೆ ಕೇಳಬೇಕಾದ ಮೊದಲ ಪ್ರಶ್ನೆ "ರೇಟು ಎಷ್ಟು?" ಅಲ್ಲ. "ನೀರು ಎತ್ತಾಗ ಬಿಡೂದ್ರಿ?" ಎಂಬುದು. ಅದಕ್ಕೆ ಉತ್ತರ ಸಿಕ್ಕ ಮೇಲೆ ರೇಟಿನ ಮಾತಾಡಿದರಾಯಿತು.