ಕೈ ಪೂರ್ತಿ ಮಾಡುವ ವಾಕ್ಯ

ನಮ್ಮ ಅಜ್ಜಿ, ದಾದಿಮಾ, ಕುದಿಯುವ ಎಸರಿಗೆ ಜೋಳದ ಹಿಟ್ಟು ಸುರಿಯುವ ಮೊದಲು ಅವರ ತುಟಿ ಮೆಲ್ಲಗೆ ಅಲುಗುತ್ತಿತ್ತು: ‘ಬಿಸ್ಮಿಲ್ಲಾ.’ ಕೊಡ ಬಗ್ಗಿಸುವಾಗಲೂ ಅದೇ ಮಾತು, ನನ್ನ ತಲೆಗೆ ಬಾಚಣಿಗೆ ಇಡುವಾಗಲೂ ಅದೇ ಮಾತು. ವಿಜಯಪುರದ ಆ ಮನೆಯಲ್ಲಿ ನಾನು ಕಲಿತ ಮೊದಲ ಅರಬ್ಬಿ ಮಾತು ಅದು. ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

‘ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್’ ಎಂದರೆ ‘ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ಹೆಸರಿನಿಂದ’. ಗಮನಿಸಿ, ಇದರಲ್ಲಿ ಕ್ರಿಯಾಪದವೇ ಇಲ್ಲ. ಉಣ್ಣುವವರಿಗೆ ಅದು ‘ಉಣ್ಣುತ್ತೇನೆ’, ಓದುವವರಿಗೆ ‘ಓದುತ್ತೇನೆ’. ಬಾಯಿ ಶುರು ಮಾಡಿದ ವಾಕ್ಯವನ್ನು ಕೈಯಲ್ಲಿರುವ ಕೆಲಸ ಪೂರ್ತಿ ಮಾಡಬೇಕು. ರಹ್ಮಾನ್, ರಹೀಮ್ ಎರಡೂ ಒಂದೇ ಧಾತುವಿನಿಂದ ಬಂದವು. ಅರಬ್ಬಿಯಲ್ಲಿ ತಾಯಿಯ ಗರ್ಭಕ್ಕೆ ಹೇಳುವ ‘ರಹಿಮ್’ ಕೂಡ ಅದೇ ಬೇರಿನದು. ಇದು ತಿಳಿದ ದಿನ ನನಗೆ ದಾದಿಮಾನ ಮಡಿಲು ನೆನಪಾಯಿತು.

ಕುರ್‌ಆನಿನ 114 ಅಧ್ಯಾಯಗಳಲ್ಲಿ 113 ಇದೇ ವಾಕ್ಯದಿಂದ ಆರಂಭವಾಗುತ್ತವೆ. 9ನೆಯ ‘ತೌಬಾ’ ಅಧ್ಯಾಯದ ತಲೆಯಲ್ಲಿ ಮಾತ್ರ ಇದಿಲ್ಲ. ಆದರೆ 27ನೆಯ ‘ನಮ್ಲ್’ ಅಧ್ಯಾಯದ 30ನೆಯ ವಚನದಲ್ಲಿ, ಪ್ರವಾದಿ ಸುಲೈಮಾನರು ಸಬಾ ದೇಶದ ರಾಣಿಗೆ ಬರೆದ ಪತ್ರದಲ್ಲಿ ಇದು ಇನ್ನೊಮ್ಮೆ ಬರುತ್ತದೆ. ಹಾಗಾಗಿ ಒಟ್ಟು ಎಣಿಕೆ ಮತ್ತೆ 114.

ಉಣ್ಣುವ ಮೊದಲು ಇದನ್ನು ಹೇಳಲು ಮರೆತರೆ? ಹಸಿವಿನಲ್ಲಿ ನಾನು ಗಬಗಬನೆ ತಿಂದು ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡರೆ ದಾದಿಮಾ ಬೈಯುತ್ತಿರಲಿಲ್ಲ. ‘ಬಿಸ್ಮಿಲ್ಲಾಹಿ ಅವ್ವಲಹು ವ ಆಖಿರಹು’ ಅನ್ನು ಎನ್ನುತ್ತಿದ್ದರು. ಮೊದಲಿಗೂ ಕೊನೆಗೂ ಅಲ್ಲಾಹನ ಹೆಸರೇ ಎಂದು ಅದರರ್ಥ. ಮರೆತವರಿಗೆ ಪ್ರವಾದಿಯವರೇ ಹೇಳಿಕೊಟ್ಟ ದಾರಿ ಅದು.

ಅಬ್ಬಾನ ಕಿರಾಣಿ ಅಂಗಡಿಯ ಬಾಗಿಲ ಮೇಲೆ ‘786’ ಎಂದು ಬರೆದಿತ್ತು. ಅರಬ್ಬಿಯ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯ ಬೆಲೆ ಕಟ್ಟುವ ಹಳೆಯ ಪದ್ಧತಿಯಿದೆ. ಆ ಪ್ರಕಾರ ಇಡೀ ವಾಕ್ಯದ ಅಕ್ಷರಗಳನ್ನು ಕೂಡಿದರೆ 786 ಆಗುತ್ತದೆ. ಪವಿತ್ರ ಹೆಸರಿರುವ ಕಾಗದ ಕಾಲಡಿ ಬೀಳಬಾರದೆಂದು ಪತ್ರಗಳ ಮೇಲೆ ಈ ಅಂಕಿ ಬರೆಯುವ ರೂಢಿ ನಮ್ಮ ದೇಶದಲ್ಲಿದೆ. ಅಂಕಿ ಎಂದೂ ಮಾತಿಗೆ ಸಮವಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ.

ದಾದಿಮಾಗೆ ಆ ಚರ್ಚೆ ಬೇಕಿರಲಿಲ್ಲ. ‘ಬಿಸ್ಮಿಲ್ಲಾ ಅಂದು ತಕ್ಕಡಿ ಎತ್ತಿದ ಮೇಲೆ ತೂಕ ಕಮ್ಮಿ ಆಗಬಾರದು ಬೇಟಾ’ ಎಂದಷ್ಟೇ ಅಬ್ಬಾಗೆ ಹೇಳುತ್ತಿದ್ದರು. ಅಬ್ಬಾ ಬೇಳೆ ತೂಗುತ್ತಿದ್ದರು. ಮುಳ್ಳು ನಡುವೆ ನಿಂತ ಮೇಲೂ ಇನ್ನೊಂದು ಹಿಡಿ ಹಾಕುತ್ತಿದ್ದರು. ವಾಕ್ಯ ಪೂರ್ತಿಯಾಗುತ್ತಿದ್ದದ್ದು ಅಲ್ಲಿ.