ಮೊದಲ ಕೆಲಸಕ್ಕೆ ಅನುಭವ ಎಲ್ಲಿಂದ ತರುವುದು?

ಮೇ 1ರಂದು ಲೋಕವು ಕಾರ್ಮಿಕರ ದಿನವನ್ನು ಆಚರಿಸುತ್ತದೆ. ಆ ದಿನವನ್ನೇ 1955ರಲ್ಲಿ ವಿಶ್ವಗುರು ಹನ್ನೆರಡನೇ ಪಯಸ್‌ರವರು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಅಂದು ದುಡಿಯುವ ಕೈಗಳಿಗಾಗಿ ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಆದರೆ ಓದು ಮುಗಿಸಿ, ದುಡಿಯುವ ಮನಸ್ಸಿದ್ದೂ ದುಡಿಯಲು ಎಡೆ ಸಿಗದ ಯುವಜನರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಅವರು ಹೋದಲ್ಲೆಲ್ಲ ಎದುರಾಗುವ ಪ್ರಶ್ನೆ ಒಂದೇ: "ಅನುಭವ ಇದೆಯೇ?" ಕೆಲಸ ಸಿಗದೆ ಅನುಭವ ಬರುವುದಿಲ್ಲ, ಅನುಭವ ಇಲ್ಲದೆ ಕೆಲಸ ಸಿಗುವುದಿಲ್ಲ. ಈ ಗಂಟನ್ನು ಬಿಡಿಸುವುದು ಹೇಗೆಂದು ನಾವು ಸ್ವಲ್ಪ ಯೋಚಿಸೋಣ.

ಕೇಳುವವರ ಮನಸ್ಸಿನಲ್ಲಿ ಏನಿದೆ?

ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಒಂದು ಅಳುಕು ಇದ್ದೇ ಇರುತ್ತದೆ. ಈ ಹುಡುಗ ಹೊತ್ತಿಗೆ ಸರಿಯಾಗಿ ಬರುವನೇ? ಒಪ್ಪಿಸಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುವನೇ? ಹಣ, ಸಾಮಾನು ಕೈಗೆ ಕೊಟ್ಟರೆ ಲೆಕ್ಕ ಒಪ್ಪಿಸುವನೇ? ಅನುಭವ ಕೇಳುವವರು ಬಹಳ ಸಲ ತಿಳಿಯಬಯಸುವುದು ಇಷ್ಟನ್ನೇ. ಇದಕ್ಕೆ ಉತ್ತರ ಕೊಡಲು ಕಂಪನಿಯಲ್ಲೇ ದುಡಿದಿರಬೇಕೆಂದಿಲ್ಲ.

ಬಿ.ಕಾಂ. ಓದುತ್ತಾ ಸಂಜೆ ಹೊತ್ತು ನೆರೆಯ ಮಕ್ಕಳಿಗೆ ಟ್ಯೂಷನ್ ಹೇಳಿದ ಹುಡುಗಿಗೆ ಕಲಿಸುವ ಅನುಭವವಿದೆ. ತಂದೆಯ ಅಂಗಡಿಯಲ್ಲಿ ರಜಾದಿನಗಳಲ್ಲಿ ಗಲ್ಲೆಯ ಮೇಲೆ ಕುಳಿತವನಿಗೆ ಗಿರಾಕಿಗಳೊಡನೆ ವ್ಯವಹರಿಸಿ ಗೊತ್ತು. ಊರ ಹಬ್ಬದ ಊಟದ ಖರ್ಚುವೆಚ್ಚ ಬರೆದಿಟ್ಟವನು ಲೆಕ್ಕಪತ್ರದ ಕೆಲಸ ಮಾಡಿದ್ದಾನೆ. ಭಾನುವಾರಗಳಲ್ಲಿ ಮೈಕ್‌ಸೆಟ್ ನೋಡಿಕೊಳ್ಳುವವನು, ಗಾನವೃಂದವನ್ನು ತಪ್ಪದೆ ಅಭ್ಯಾಸಕ್ಕೆ ಸೇರಿಸುವವಳು, ಧರ್ಮೋಪದೇಶ ತರಗತಿಯಲ್ಲಿ ಮಕ್ಕಳನ್ನು ಸಂಭಾಳಿಸುವವಳು, ಇವರೆಲ್ಲರೂ ಹೊಣೆ ಹೊತ್ತವರೇ. ಇದನ್ನು ನಾವು ಸೇವೆ ಎಂದೋ ಮನೆಗೆಲಸ ಎಂದೋ ಕರೆದು ಸುಮ್ಮನಾಗುತ್ತೇವೆ. ಬಯೋಡೇಟಾದಲ್ಲಿ ಬರೆಯಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

ಬರೆಯುವಾಗ ಇದ್ದದ್ದನ್ನು ಇದ್ದಂತೆ ಬರೆಯಬೇಕು. "ಶ್ರಮಜೀವಿ, ಪ್ರಾಮಾಣಿಕ" ಎಂದು ಎಲ್ಲರೂ ಬರೆಯುತ್ತಾರೆ. ಓದುವವರು ಅದನ್ನು ದಾಟಿ ಹೋಗುತ್ತಾರೆ. "ಎರಡು ವರ್ಷ ಏಳನೇ ತರಗತಿಯ 8 ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ" ಎಂಬ ಒಂದು ಸಾಲು ಅಂಥ ಹತ್ತು ಮಾತುಗಳಿಗೆ ಸಮ. ಒಂದೇ ಪುಟ ಸಾಕು. ನಮ್ಮನ್ನು ಬಲ್ಲ ಇಬ್ಬರು ಹಿರಿಯರ, ಉಪನ್ಯಾಸಕರದೋ ಅಂಗಡಿ ಮಾಲೀಕರದೋ, ಹೆಸರನ್ನು ಅವರ ಒಪ್ಪಿಗೆ ಪಡೆದು ಕೊನೆಯಲ್ಲಿ ಸೇರಿಸಬಹುದು. ಇಲ್ಲದ್ದನ್ನು ಸೇರಿಸಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ.

ಎಂಥ ಕೆಲಸ ಬೇಕೆಂದು ಕೇಳಿದಾಗ "ಯಾವುದಾದರೂ ಸರಿ" ಎಂಬ ಉತ್ತರ ವಿನಯದಂತೆ ತೋರಿದರೂ ಕೇಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. "ಲೆಕ್ಕದ ವಿಭಾಗದಲ್ಲಿ ಆರಂಭಿಸಬೇಕೆಂದಿದ್ದೇನೆ, ಟ್ಯಾಲಿ ಕಲಿತಿದ್ದೇನೆ" ಎಂದರೆ ಅವರು ಮುಂದಿನ ಪ್ರಶ್ನೆ ಕೇಳಬಲ್ಲರು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಹಿಂದೆಗೆಯಬಾರದು. ತಮ್ಮ ಓದು, ಮಾಡಿದ ಕೆಲಸ, ಮುಂದಿನ ಆಸೆ, ಇಷ್ಟನ್ನು ಸರಳ ಇಂಗ್ಲಿಷಿನಲ್ಲಿ ಎರಡು ನಿಮಿಷ ಹೇಳಲು ಮನೆಯಲ್ಲೇ ಗಟ್ಟಿಯಾಗಿ ಅಭ್ಯಾಸ ಮಾಡಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಹೊಸಬರಿಗೆಂದೇ ಇರುವ ಬಾಗಿಲು

ಅನುಭವವಿಲ್ಲದವರಿಗಾಗಿಯೇ ನಮ್ಮ ದೇಶದಲ್ಲಿ ಒಂದು ಕಾನೂನಿದೆ. ಅದು 1961ರ ಅಪ್ರೆಂಟಿಸ್ ಕಾಯ್ದೆ. ಆರಂಭದಲ್ಲಿ ಅದು ಮುಖ್ಯವಾಗಿ ಕಾರ್ಖಾನೆಯ ಕಸುಬುಗಳಿಗಾಗಿ ಇತ್ತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾದವರಿಗೂ, 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಮುಂತಾದ ಇತರ ಪದವೀಧರರಿಗೂ ಅದು ತೆರೆದುಕೊಂಡಿತು. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು.

ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಈ ತರಬೇತಿ ಸಾಮಾನ್ಯವಾಗಿ ಒಂದು ವರ್ಷದ್ದು. ತಿಂಗಳು ತಿಂಗಳು ಸ್ಟೈಪೆಂಡ್ ಸಿಗುತ್ತದೆ. ಕೊನೆಯಲ್ಲಿ ಪ್ರಮಾಣಪತ್ರ ಸಿಗುತ್ತದೆ. ಇಲ್ಲೊಂದು ವಿಶೇಷವಿದೆ. ಈ ಅಪ್ರೆಂಟಿಸ್ ಪ್ರಕಟಣೆಗಳಲ್ಲಿ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವ ಇರುವವರು ಅರ್ಜಿ ಹಾಕುವಂತಿಲ್ಲ ಎಂದೇ ಸಾಮಾನ್ಯವಾಗಿ ಬರೆದಿರುತ್ತದೆ. ಬೇರೆಲ್ಲ ಕಡೆ ಕೊರತೆಯಾದದ್ದು ಇಲ್ಲಿ ಅರ್ಹತೆಯಾಗುತ್ತದೆ!

ಬೆಂಗಳೂರಿನ ಎಚ್.ಎ.ಎಲ್., ಬಿ.ಇ.ಎಲ್.ನಂಥ ಸಂಸ್ಥೆಗಳೂ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಯೂ ಅಪ್ರೆಂಟಿಸ್‌ಗಳನ್ನು ಕರೆಯುತ್ತವೆ. ರೈಲ್ವೆಯ ಆಯ್ಕೆ ಎಸ್.ಎಸ್.ಎಲ್.ಸಿ. ಮತ್ತು ಐ.ಟಿ.ಐ. ಅಂಕಗಳ ಆಧಾರದ ಮೇಲೆ ನಡೆಯುತ್ತದೆ. ಅರ್ಜಿ ಹಾಕಲು ಸರಕಾರದ ಅಪ್ರೆಂಟಿಸ್ ತಾಣಗಳಲ್ಲಿ ಮೊದಲು ಹೆಸರು ನೋಂದಾಯಿಸಬೇಕು; ಅದಕ್ಕೆ ಹಣ ಕೊಡಬೇಕಾಗಿಲ್ಲ.

ಒಂದು ಮಾತನ್ನು ಮಾತ್ರ ಸ್ಪಷ್ಟವಾಗಿ ತಿಳಿದಿರಬೇಕು. ತರಬೇತಿ ಮುಗಿದ ಮೇಲೆ ಅಲ್ಲೇ ನೌಕರಿ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಹಾಗೆಂದು ಆ ವರ್ಷ ವ್ಯರ್ಥವಲ್ಲ. ಮುಂದಿನ ಬಾಗಿಲಲ್ಲಿ "ಅನುಭವ ಇದೆಯೇ?" ಎಂದು ಕೇಳಿದಾಗ ತೋರಿಸಲು ಕೈಯಲ್ಲಿ ಒಂದು ಕಾಗದ ಇರುತ್ತದೆ.

ಹಣ ಕೇಳುವವರ ಬಗ್ಗೆ ಎಚ್ಚರ

ಕಾದು ಕಾದು ಸೋತ ಕುಟುಂಬದ ಮುಂದೆ ದಲ್ಲಾಳಿಗಳು ಬಂದು ನಿಲ್ಲುತ್ತಾರೆ. "ಇಷ್ಟು ಕೊಡಿ, ಒಳಗೆ ಸೇರಿಸುತ್ತೇನೆ" ಎಂಬ ಮಾತಿಗೆ ತಾಯಿಯ ಬಳೆ, ಅಜ್ಜನ ಗದ್ದೆ ಅಡವಿಗೆ ಹೋಗುತ್ತವೆ. ಪ್ರಾಮಾಣಿಕವಾಗಿ ಕೆಲಸ ಕೊಡುವವರು ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ. ಠೇವಣಿ, ಸಮವಸ್ತ್ರದ ಹಣ, ತರಬೇತಿ ಶುಲ್ಕ, ಹೆಸರು ಏನೇ ಇರಲಿ, ಸೇರುವ ಮುಂಚೆ ಹಣ ಕೇಳಿದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಗಲ್ಫ್ ಮುಂತಾದ ಕಡೆಗೆ ಕಳುಹಿಸುತ್ತೇವೆ ಎನ್ನುವವರ ಹೆಸರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು. ಫೋನ್ ಮೂಲಕ ಮೋಸ ಹೋಗಿ ಹಣ ಕಳೆದುಕೊಂಡವರು ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಕೆಲಸ ಸಿಕ್ಕಾಗ ನೇಮಕಾತಿ ಪತ್ರ ಕೇಳಿ ಪಡೆಯಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ಕೊಡಲೇಬೇಕೆಂದು ಹೇಳುತ್ತವೆ. ಮುಂದೆ ಅನುಭವಕ್ಕೆ ಸಾಕ್ಷಿಯಾಗುವುದೂ ಆ ಪತ್ರವೇ.

ಮನೆಯವರ ಪಾಲು

ತಂದೆತಾಯಿಗಳೇ, ಕೆಲಸ ಹುಡುಕುವ ಮಗ ಅಥವಾ ಮಗಳು ದಿನಕ್ಕೊಂದು ಕಡೆ ಇಲ್ಲವೆಂಬ ಮಾತು ಕೇಳಿ ಮನೆಗೆ ಬರುತ್ತಾರೆ. ಮನೆಯಲ್ಲೂ "ಪಕ್ಕದ ಮನೆಯವನಿಗೆ ಆಗಲೇ ಸಂಬಳ ಬರುತ್ತಿದೆ" ಎಂಬ ಮಾತೇ ಕಾದಿದ್ದರೆ ಅವರು ಹೋಗುವುದೆಲ್ಲಿಗೆ? "ಇವತ್ತು ಏನು ಕೇಳಿದರು, ನೀನೇನು ಹೇಳಿದೆ?" ಎಂದು ಜೊತೆಯಲ್ಲಿ ಕುಳಿತು ಕೇಳಿದರೆ ಅದೇ ಮುಂದಿನ ಸಂದರ್ಶನಕ್ಕೆ ಸಿದ್ಧತೆಯಾಗುತ್ತದೆ. ಮೊದಲ ಕೆಲಸ ಚಿಕ್ಕದೆಂದು ಹೀಗಳೆಯುವುದೂ ಬೇಡ.

ಇನ್ನು ನಮ್ಮ ನಡುವೆ ಅಂಗಡಿ, ಗ್ಯಾರೇಜು, ಮುದ್ರಣಾಲಯ, ಆಡಿಟರ್ ಕಚೇರಿ ನಡೆಸುವವರು ಇದ್ದಾರೆ. ಅವರು ವರ್ಷಕ್ಕೆ ಒಬ್ಬ ಹೊಸಬರನ್ನು ಮೂರು ತಿಂಗಳ ಮಟ್ಟಿಗೆ ಸೇರಿಸಿಕೊಂಡು, ದುಡಿದದ್ದಕ್ಕೆ ತಕ್ಕ ಹಣ ಕೊಟ್ಟು, ಕೊನೆಯಲ್ಲಿ ಏನು ಕಲಿತರೆಂದು ಒಂದು ಪತ್ರ ಬರೆದುಕೊಡಲಿ. ಒಂದು ಮನೆಯ ದೀಪ ಹತ್ತಲು ಅಷ್ಟೇ ಸಾಕಾಗಬಹುದು. ಇಂದು ಅನುಭವಸ್ಥರೆನಿಸಿಕೊಂಡಿರುವ ನಮಗೆಲ್ಲ, ಏನೂ ಗೊತ್ತಿಲ್ಲದ ಕಾಲದಲ್ಲಿ ಯಾರೋ ಒಬ್ಬರು "ಬಾ, ಕಲಿತುಕೋ" ಎಂದಿದ್ದರು. ಆ ಮಾತನ್ನು ಮುಂದಿನವರಿಗೆ ಹೇಳುವ ಸರದಿ ಈಗ ನಮ್ಮದು.